ಗಡಿಕಲ್ಲು ಕೀಳಿಸಿದ ಬೆಲ್ಜಿಯಂ ಮಾಷ್ಟ್ರು

ನಮ್ಮೂರಿನಲ್ಲಿ ಯುರೋಪನ್ನು ಕಂಡವರು ಒಬ್ಬರೇ. ಅದರ ಫಲ ಉಂಡವರು ಮಾತ್ರ ಎಲ್ಲರೂ.

ಊರು ಕೋಣಬೈಲು. ನಾವುಂದ ಕಳೆದು ಕಿರಿಮಂಜೇಶ್ವರ ಸಿಗುವುದರೊಳಗೆ ಹೆದ್ದಾರಿಯ ಬದಿಗೊಂದು ಬಸ್ ನಿಲ್ದಾಣ, ಅದರ ಎದುರು ನನ್ನ ಹೋಟೆಲು. ನನ್ನ ಹೆಸರು ಶೇಖರ. ಚಾ, ಗೋಳಿಬಜೆ ನನ್ನ ಕಸುಬು. ಬಾಯಿ ನನ್ನ ಚಟ. ಹೇಳಬೇಕಾದ್ದನ್ನು ಹೇಳದೆ ನುಂಗಿದರೆ ನನಗೆ ಹೊಟ್ಟೆಯುಬ್ಬರ ಬರುತ್ತದೆ. ಆದ್ದರಿಂದ ಪ್ರೇಮಾನಂದ ಮಾಷ್ಟ್ರ ಕತೆಯನ್ನು ಹೇಳಿಯೇ ಬಿಡುತ್ತೇನೆ. ಕೇಳಿ ಯಾರಿಗಾದರೂ ಸಿಟ್ಟು ಬಂದರೆ ಬರಲಿ, ನನಗೆ ಬಂದಷ್ಟು ಬರಲಾರದು.

ಅವರ ಅಪ್ಪ ನಮ್ಮ ದೇವಸ್ಥಾನದಲ್ಲಿ ಶಂಖ ಊದುತ್ತಿದ್ದವರು. ಅಪ್ಪನಿಗೆ ಊದಲು ಶಂಖ ಬೇಕಿತ್ತು, ಮಗನಿಗೆ ಅದೂ ಬೇಡ. ಮಗ ಓದಿ, ಡಾಕ್ಟರೇಟು ಮಾಡಿ, ಘಟ್ಟದ ಮೇಲಿನ ಯಾವುದೋ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದರು. 1997ರಲ್ಲಿ ಏನೋ ಒಂದು ವಿದ್ವತ್ ವೇತನ ಸಿಕ್ಕಿ ಬೆಲ್ಜಿಯಂ ದೇಶಕ್ಕೆ ಹೋದರು. ಅಲ್ಲಿದ್ದದ್ದು ವರ್ಷ ತುಂಬುವಷ್ಟೂ ಅಲ್ಲ. ಆದರೆ ಆ ಒಂದು ತಪಲೆ ಸಾರಿಗೆ ನೀರು ಬೆರೆಸಿ ಬೆರೆಸಿ ಜೀವಮಾನವಿಡೀ ಬಡಿಸಿದರು. 2006ರಲ್ಲಿ ನಿವೃತ್ತರಾಗಿ ಊರಿಗೆ ಬಂದು ಅಪ್ಪನ ಜಾಗದಲ್ಲಿ ತಾರಸಿ ಮನೆ ಕಟ್ಟಿಸಿ ಕೂತರು. ಮೇಜಿನ ಮೇಲೆ ನೀಲಿ ಬಟ್ಟೆಯಲ್ಲಿ ಹಳದಿ ನಕ್ಷತ್ರಗಳ, ಯುರೋಪು ಒಕ್ಕೂಟದ ಒಂದು ಪುಟ್ಟ ಬಾವುಟ ಇಟ್ಟುಕೊಂಡರು. ಏಪ್ರಿಲ್ ತಿಂಗಳ ಸೆಕೆಯಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ತಿರುಗಿದರು. ಊರವರು ಅವರಿಗೆ ಬೆಲ್ಜಿಯಂ ಮಾಷ್ಟ್ರು ಎಂದು ಹೆಸರಿಟ್ಟರು. ಅದು ತಮಾಷೆಯೆಂದು ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ, ಬಿರುದು ಎಂದೇ ತಿಳಿದಿದ್ದರು.

ದಿನಾ ಬೆಳಿಗ್ಗೆ ನನ್ನ ಬೆಂಚಿಗೆ ಬರುತ್ತಿದ್ದರು. ಹಾಲು ಹಾಕದ ಚಾ ಬೇಕು. ಲೋಟ ಬಿಸಿನೀರಲ್ಲಿ ಅದ್ದಿ ತೆಗೆದಿರಬೇಕು. ಚಾ ಕುಡಿಯುತ್ತ ಒಂದೇ ಕತೆ.

"ನೋಡಿ ಶೇಖರ್, ಬೆಲ್ಜಿಯಂ ಮತ್ತು ಹಾಲೆಂಡಿನ ಗಡಿಯಲ್ಲಿ ಒಂದು ಊರು. ಅಲ್ಲೊಂದು ಕಾಫಿ ಅಂಗಡಿ. ಅಂಗಡಿಯ ಮುಂದೆ ನೆಲದ ಮೇಲೆ ಒಂದು ಬಿಳಿ ಗೆರೆ. ಗೆರೆಯ ಈಚೆ ಒಂದು ದೇಶ, ಆಚೆ ಇನ್ನೊಂದು ದೇಶ. ನಾನು ಒಂದು ಕಾಲು ಇಲ್ಲಿ, ಒಂದು ಕಾಲು ಅಲ್ಲಿ ಇಟ್ಟು ಕಾಫಿ ಕುಡಿದೆ. ಒಬ್ಬನೂ ಏಕೆ ಎಂದು ಕೇಳಲಿಲ್ಲ. ಅದು ನಾಗರಿಕತೆ."

ಒಂದು ದಿನ ನನಗೆ ತಡೆಯಲಿಲ್ಲ.

"ಅಲ್ಲ ಮಾಷ್ಟ್ರೇ, ಗೆರಿ ಮೇಲೆ ಕಾಫಿ ಚೆಲ್ರೆ ಒರ್ಸುದ್ ಯಾರ್? ಈಚಿಯವ್ರಾ ಆಚಿಯವ್ರಾ?"

ಮಾಷ್ಟ್ರು ನನ್ನನ್ನು ಕರುಣೆಯಿಂದ ನೋಡಿದರು. "ನಿಮ್ಮ ಪ್ರಶ್ನೆಯಲ್ಲೇ ನಮ್ಮ ದೇಶದ ಸಮಸ್ಯೆ ಇದೆ" ಎಂದರು. ಉತ್ತರ ಹೇಳಲಿಲ್ಲ. ಅದಕ್ಕೆ ಉತ್ತರ ಸಿಕ್ಕಿದ್ದು ಆಮೇಲೆ, ಅದೂ ನಮ್ಮೂರ ಸುಂದರಿಯ ಬಾವಿಯಲ್ಲಿ.

ಸುಂದರಿಯ ಮನೆ ಕೋಣಬೈಲಿನ ಬಡಗಣ ತುದಿ. ಅವಳ ಹಿತ್ತಲು ಮುಗಿದಲ್ಲಿ ಮರಗಿಡ ತುಂಬಿದ ಒಂದು ಹಾಡಿ, ಹಾಡಿಯ ನಡುವೆ ಸರ್ವೆಯವರು ನೆಟ್ಟ ಗಡಿಕಲ್ಲು, ಕಲ್ಲಿನಾಚೆ ಮುಳ್ಳಿಹಿತ್ಲು ಗ್ರಾಮ. ಹಿಂದೆ ಊರಿಗೆ ಜ್ವರ, ಸಿಡುಬು ಬಂದಾಗ ಇದೇ ಕಲ್ಲಿನವರೆಗೆ ಮಾರಿಯನ್ನು ಓಡಿಸುತ್ತಿದ್ದರು. ಮಾರಿಯ ಗೊಂಬೆ, ಹರಿದ ಬುಟ್ಟಿ, ಗುಡಿಸಿ ಸವೆದ ಹಿಡಿಸೂಡಿ ಎಲ್ಲವನ್ನೂ ಡೋಲು ಬಡಿಯುತ್ತ ಹೊತ್ತು ತಂದು, ಕಲ್ಲಿನಾಚೆ ಒಂದು ಹೆಜ್ಜೆ ಇಟ್ಟು ಇಳಿಸುವುದು. ಇಳಿಸಿದವರು ತಿರುಗಿ ನೋಡುವ ಹಾಗಿಲ್ಲ. ನೋಡಿದರೆ ಮಾರಿ ಬೆನ್ನು ಹತ್ತಿ ಬರುತ್ತಾಳೆ. ಮುಳ್ಳಿಹಿತ್ಲಿನವರು ಅದನ್ನು ಹೊತ್ತು ತಮ್ಮ ಬಡಗಣ ಗಡಿ ದಾಟಿಸುತ್ತಿದ್ದರು, ಅವರಾಚೆಯವರು ಹೊಳೆಗೆ ಮುಟ್ಟಿಸುತ್ತಿದ್ದರು.

ಸಿಡುಬು ಹೋಯಿತು, ಡೋಲು ಹೋಯಿತು, ಮಾರಿಯೂ ಹೋದಳು. ಗಡಿಯಲ್ಲಿ ಇಳಿಸಿ ತಿರುಗಿ ನೋಡದೆ ಬರುವ ಅಭ್ಯಾಸ ಮಾತ್ರ ನಮ್ಮವರಿಗೆ ಉಳಿಯಿತು. ಪ್ಲಾಸ್ಟಿಕ್ ಚೀಲ ಬಂದ ಮೇಲೆ ಎರಡೂ ಊರಿನವರು ಮನೆಯ ಕಸ ಕಟ್ಟಿ ತಂದು ಹಾಡಿಯಲ್ಲಿ ಎಸೆದು, ಬೈಕು ತಿರುಗಿಸಿ, ನೇರ ಮುಂದೆ ನೋಡುತ್ತ ಹೋಗುತ್ತಿದ್ದರು. ಗಡಿಯಲ್ಲಿ ಬಿದ್ದದ್ದು ಯಾರದ್ದೂ ಅಲ್ಲ ಎಂಬ ಧೈರ್ಯ. ಮಾರಿಯನ್ನಾದರೂ ಮುಂದಿನವರು ಹೊತ್ತು ಸಾಗಿಸುತ್ತಿದ್ದರು. ಈ ಕಸಕ್ಕೆ ಮುಂದಿನವರೇ ಇಲ್ಲ. ಇಂಥ ಬುದ್ಧಿವಂತರು ನಾವು. ನನ್ನ ಹೋಟೆಲಿನ ಎಂಜಲು ನನ್ನ ಎಮ್ಮೆಗೆ ಹೋಗುತ್ತದೆ, ಆ ವಿಷಯದಲ್ಲಿ ನನ್ನನ್ನು ಹಿಡಿಯಲಾರಿರಿ.

ಆದರೂ ಹಾಡಿ ಪೂರ್ತಿ ಹಾಳಾಗಿರಲಿಲ್ಲ. ಯಾಕೆಂದರೆ ಅಲ್ಲಿ ಸುಂದರಿ ಇದ್ದಳು. ಸುಂದರಿ ಸಾಧ್ವಿಯೇನಲ್ಲ. ಬಾಯಿ ತೆರೆದರೆ ಹೆದ್ದಾರಿಯ ಲಾರಿ ನಿಲ್ಲಬೇಕು. ಗಂಡ ಮುತ್ತನಿಗೆ ಮಾತಾಡುವ ಅವಕಾಶ ಮದುವೆಯ ದಿನವೇ ಮುಗಿದಿತ್ತು. ಅವಳ ಜೀವವೆಲ್ಲ ಇದ್ದದ್ದು ಹಿತ್ತಲಿನ ಬಾವಿಯಲ್ಲಿ. ಕೆಂಪು ಮುರಕಲ್ಲು ಕಡಿದು ತೋಡಿದ ಬಾವಿ. ಸಮುದ್ರ ಹತ್ತಿರವಿದ್ದರೂ ಉಪ್ಪು ಹತ್ತದ ನೀರು, ಬೇಸಿಗೆಯಲ್ಲಿ ಅರ್ಧ ಕೇರಿಯೇ ಅವಳ ರಾಟೆಗೆ ಸರದಿ ನಿಲ್ಲುತ್ತಿತ್ತು. ನಾಳೆ ಮದುವೆ ಎಂದರೆ ಪಾಯಸಕ್ಕೆ ಅವಳ ಬಾವಿಯ ನೀರೇ ಆಗಬೇಕು. ಯಾರನ್ನೂ ಇಲ್ಲ ಎಂದು ಕಳಿಸಿದವಳಲ್ಲ. ನೀರು ಕೊಟ್ಟು, ಜೊತೆಗೆ ಎರಡು ಬೈದು ಕಳಿಸುತ್ತಿದ್ದಳು.

ಆ ಬಾವಿಯ ಕಡೆಗೆ ಕಸ ಜಾರದ ಹಾಗೆ ಅವಳು ಕಾದದ್ದು ಗಡಿಕಲ್ಲಿನಿಂದ. ಮುಳ್ಳಿಹಿತ್ಲಿನವರ ಬೈಕಿನ ಸದ್ದು ಕೇಳಿದರೆ ಸಾಕು, ಓಡಿ ಹೋಗಿ ಕಲ್ಲಿನ ಪಕ್ಕ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಿದ್ದಳು.

"ಹ್ವಾಯ್! ಕಲ್ಲ್ ಕಾಂತಿಲ್ಯಾ? ಇದ್ ಕೋಣಬೈಲ್! ನಿಮ್ಮೂರ್ ಗಲೀಜ್ ನಿಮ್ಮೂರಗೇ ಹಾಕಿ! ಪಂಚಾಯ್ತಿಗ್ ಹೋಯ್ಕಾ ನಾನ್?"

ನಮ್ಮೂರಿನವರು ಬಂದರೆ ಕಲ್ಲಿನ ಆಚೆ ಬದಿಗೆ ಹಾರಿ ನಿಂತು, "ಇದ್ ಮುಳ್ಳಿಹಿತ್ಲ್! ಅವ್ರ್ ಬಂದ್ ಕೇಂಡ್ರೆ ನಿನ್ ಹೆಸ್ರೇ ಹೇಳುದ್!" ಎನ್ನುತ್ತಿದ್ದಳು. ಕಲ್ಲು ಇರುವವರೆಗೆ ಯಾವ ಕಸ ಯಾವ ಊರಿನದು ಎಂದು ಹೇಳಲು ಬರುತ್ತಿತ್ತು. ಬೈಸಿಕೊಂಡವರು ಚೀಲವನ್ನು ವಾಪಸು ಬೈಕಿಗೆ ಸಿಕ್ಕಿಸಿಕೊಂಡು ಹೋಗುವುದನ್ನು ನಾನೇ ಕಂಡಿದ್ದೇನೆ. ಬಾಯಿ ಇದ್ದವಳು ಬರಗಾಲದಲ್ಲೂ ಬದುಕಿದಳು ಎನ್ನುತ್ತಾರಲ್ಲ, ಆ ಜಾತಿ.

2010ರಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಬಂತು. ಒಂದು ಬೆಳಿಗ್ಗೆ ಮಾಷ್ಟ್ರು ಚಾ ಕುಡಿದು, ಬಾಯಿ ಒರೆಸಿಕೊಂಡು, "ಶೇಖರ್, ನಾನು ರಾಜಕೀಯ ಪ್ರವೇಶಿಸುತ್ತಿದ್ದೇನೆ" ಎಂದರು. ಬೆಂಚಿನಲ್ಲಿದ್ದವರು ದಿಲ್ಲಿಗೆ ಹೋಗುತ್ತಾರೆಂದು ತಿಳಿದರು. ಆಮೇಲೆ ನೋಡಿದರೆ ನಮ್ಮ ಬಡಗುಕೇರಿ ವಾರ್ಡು.

ಅಶ್ವತ್ಥಕಟ್ಟೆಯ ಮೇಲೆ ನಿಂತು ಅವರು ಮಾಡಿದ ಮೊದಲ ಭಾಷಣವನ್ನು ಇವತ್ತೂ ಜನ ನೆನೆದು ನಗುತ್ತಾರೆ. ಮೇಜಿನ ಮೇಲಿದ್ದ ನೀಲಿ ಬಾವುಟವನ್ನು ಕಟ್ಟೆಗೆ ಸಿಕ್ಕಿಸಿದ್ದರು. ನಮ್ಮ ಗುಡ್ಡಜ್ಜ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದ್ ಯಾವ್ ಪಾರ್ಟಿ ಮರ್ರೆ, ಹೊಸ್ತಾ?" ಎಂದ.

"ಬಂಧುಗಳೇ, ಗಡಿ ಎಂಬುದು ಮನುಷ್ಯನ ರೋಗ. ನೂರಾರು ವರ್ಷ ಕಾದಾಡಿದ ದೇಶಗಳು ಇಂದು ಗಡಿ ಅಳಿಸಿ ಒಂದಾಗಿವೆ. ನಾವು? ಪಕ್ಕದ ಮುಳ್ಳಿಹಿತ್ಲಿನೊಂದಿಗೆ ಒಂದು ಕಲ್ಲಿಗಾಗಿ ಜಗಳವಾಡುತ್ತಿದ್ದೇವೆ!"

"ಹಂಗಾರೆ ನಮ್ ಗದ್ದಿ ಬೇಲಿಯೂ ತೆಗುದಾ ಮಾಷ್ಟ್ರೇ? ದನ ನುಗ್ಗುದಿಲ್ಯಾ?" ಎಂದು ಗುಡ್ಡಜ್ಜ ಕೇಳಿದ.

"ಅದು ಬೇರೆ, ಇದು ಬೇರೆ" ಎಂದರು ಮಾಷ್ಟ್ರು. ದೊಡ್ಡವರ ತತ್ವಗಳೆಲ್ಲ ಈ ಮಾತಿನಲ್ಲೇ ಮುಗಿಯುವುದು.

ಈ ಭಾಷಣಗಳ ಮೇಲೆ ನಿಂತಿದ್ದರೆ ಅವರಿಗೆ ಠೇವಣಿಯೂ ಸಿಗುತ್ತಿರಲಿಲ್ಲ. ಗೆಲ್ಲಿಸಿದ್ದು ಸುಂದರಿ. ಅವಳ ಮನೆಗೆ ಮತ ಕೇಳಲು ಹೋದಾಗ ನಾನೂ ಜೊತೆಗಿದ್ದೆ. ಬೆಲ್ಲ, ನೀರು ತಂದಿಟ್ಟಳು. ಮಾಷ್ಟ್ರು ಕರವಸ್ತ್ರದಲ್ಲಿ ಲೋಟದ ಅಂಚು ಒರೆಸಿ, ಒಂದು ಗುಟುಕು ಕುಡಿದು, ಆಮೇಲೆ ಪೂರ್ತಿ ಕುಡಿದರು. ಇನ್ನೊಂದು ಲೋಟ ಕೇಳಿ ಕುಡಿದರು.

"ಇಂಥ ನೀರನ್ನು ಯುರೋಪಿನಲ್ಲಿ ಬಾಟಲಿಗೆ ತುಂಬಿ ಮಾರುತ್ತಾರೆ, ಸುಂದರಿ" ಎಂದರು.

"ನೀರ್ ಇಪ್ಪುದೇನೋ ಇತ್ತ್ ಮಾಷ್ಟ್ರೇ. ಈ ಕಸದವ್ರ್ ಉಳ್ಸುಕ್ ಬಿಡ್ಕಲೆ. ನಾನೊಬ್ಳ್ ಎಷ್ಟ್ ಅಂದ್ ಬೊಬ್ಬಿ ಹೊಡುದ್? ಈ ಬಾವಿ ಹೋದ್ರೆ ನಂಗೆ ಬೇರೆಂತ ಇತ್ತ್ ಹೇಳಿ."

"ಈ ಬಾವಿಗೆ ಇನ್ನು ಮುಂದೆ ನಾನು ಜವಾಬ್ದಾರಿ" ಎಂದರು ಮಾಷ್ಟ್ರು. ಎದೆಯ ಮೇಲೆ ಕೈಯಿಟ್ಟು ಹೇಳಿದರು. ಸುಂದರಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳು ಕಣ್ಣೊರೆಸಿದ್ದನ್ನು ನಾನು ಅದೇ ಮೊದಲು ಕಂಡದ್ದು.

ಅವರಿಗೆ ಸಿಕ್ಕಿದ ಚಿಹ್ನೆ ನೀರೆಳೆಯುವ ಬಾಲ್ದಿ. ತಮ್ಮ ಘನತೆಗೆ ಬಾಲ್ದಿಯೇ ಎಂದು ಮಾಷ್ಟ್ರು ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದರು. ಸುಂದರಿಗೆ ಮಾತ್ರ ದೇವರೇ ಕೊಟ್ಟ ಹಾಗಾಯಿತು. ನೀರಿಗೆ ಬಂದ ಪ್ರತಿ ಹೆಂಗಸಿಗೂ ರಾಟೆಯ ಹಗ್ಗ ಕೈಗೆ ಕೊಡುವ ಮೊದಲು, "ಬಾಲ್ದಿಗ್ ಮುದ್ರಿ ಒತ್ಕ್ ಹೆಣ್ಣೆ. ಮರ್ತ್ರೆ ಬೇಸ್ಗಿಯಗೆ ಇತ್ತ ಬಪ್ಪುದ್ ಬ್ಯಾಡ" ಎನ್ನುತ್ತಿದ್ದಳು. ಬೇಸಿಗೆ ಯಾರಿಗೆ ಬೇಡ? ಕೇರಿ ಇಡೀ ಬಾಲ್ದಿಗೆ ಒತ್ತಿತು. ಮಾಷ್ಟ್ರು ಗೆದ್ದರು. ಗೆದ್ದ ದಿನ ನನ್ನ ಹೋಟೆಲಿನಲ್ಲಿ, ಇದು ವಿಚಾರದ ಗೆಲುವು ಎಂದರು.

ಅಧ್ಯಕ್ಷಗಿರಿ ಮೀಸಲಾತಿಯಲ್ಲಿ ಬೇರೆಯವರಿಗೆ ಹೋಯಿತು. ಆದರೆ ಸಭೆಯಲ್ಲಿ ಇಂಗ್ಲಿಷು ಬರುತ್ತಿದ್ದದ್ದು ಮಾಷ್ಟ್ರಿಗೆ ಮಾತ್ರ, ಹೀಗಾಗಿ ಅವರು ಹೇಳಿದ್ದಕ್ಕೆ ಉಳಿದವರು ತಲೆಯಾಡಿಸುತ್ತಿದ್ದರು. ಅವರಿಗೆ ಕಸ ಎತ್ತಿಸುವುದು ಸಣ್ಣ ಕೆಲಸವಾಗಿ ಕಂಡಿತು. ಯುರೋಪು ಕಂಡವರು ಒಂದು ಗಾಡಿ ಗೊತ್ತು ಮಾಡಿ ಹಾಡಿ ಗುಡಿಸಿದರೆ ಗೌರವವೇ? ಮೂಲಕ್ಕೆ ಕೈಹಾಕಬೇಕು. ಮೂಲ ಯಾವುದು? ಗಡಿ.

ಮುಳ್ಳಿಹಿತ್ಲಿನಲ್ಲಿ ಆಗ ರವಿರಾಜನದೇ ಕಾರುಬಾರು. ಎರಡು ಕೋಳಿ ಅಂಗಡಿ, ಒಂದು ಟೆಂಪೋ, ಪಂಚಾಯಿತಿಯಲ್ಲಿ ಅವನು ಹೇಳಿದ್ದೇ ಠರಾವು. ಕೋಳಿಯ ಗರಿ, ಕರುಳು ಎಲ್ಲಿ ಸುರಿಯುವುದು ಎಂಬುದೊಂದೇ ಅವನ ತಲೆಬಿಸಿ. ಹಾಡಿಗೆ ತಂದರೆ ಕಲ್ಲಿನ ಹತ್ತಿರ ಸುಂದರಿ. ಅಂಥ ರವಿರಾಜನ ಹತ್ತಿರ ಮಾಷ್ಟ್ರು ಹೋಗಿ, ಎರಡು ಗ್ರಾಮಗಳ ನಡುವಿನ ಗಡಿ ಅಳಿಸಿ, ಹಾಡಿಯಲ್ಲಿ ಎರಡೂ ಊರಿಗೆ ಸೇರಿದ ಒಂದು ಜಂಟಿ ತ್ಯಾಜ್ಯ ತಾಣ ಮಾಡೋಣ ಎಂದರಂತೆ. ರವಿರಾಜ ಕುರ್ಚಿಯಿಂದ ಎದ್ದು ಅವರ ಕಾಲಿಗೆ ಬಿದ್ದ ಎಂದು ಮಾಷ್ಟ್ರೇ ನನ್ನ ಹತ್ತಿರ ಹೇಳಿದರು. ಆಚೆ ಊರಿನಲ್ಲೂ ವಿಚಾರವಂತರಿದ್ದಾರೆ ಎಂದು ಅವರಿಗೆ ಆನಂದ. ಕುರಿ ಕಟುಕನನ್ನು ಮೆಚ್ಚುವುದು ಕೇಳಿದ್ದೆ, ಕಣ್ಣಾರೆ ಕಂಡದ್ದು ಆಗಲೇ.

"ಮಾಷ್ಟ್ರೇ, ಕಲ್ಲ್ ತೆಗ್ದ್ರೆ ಸುಂದರಿ ಎಲ್ ನಿಂತ್ಕಂಡ್ ಬಯ್ಯುದ್?" ಎಂದು ಕೇಳಿದೆ.

"ಬೈಯುವ ಅಗತ್ಯವೇ ಇರುವುದಿಲ್ಲ ಶೇಖರ್. ಎರಡೂ ಊರಿನ ಜವಾಬ್ದಾರಿ ಆದಾಗ ಎರಡೂ ಊರು ನೋಡಿಕೊಳ್ಳುತ್ತವೆ. ಯುರೋಪಿನಲ್ಲಿ ಹಾಗೆಯೇ."

"ಯುರೋಪಗೆ ಇರ್ಲಿ ಮರ್ರೆ. ನಮ್ಮೂರಗೆ ಇಬ್ರಿಗ್ ಸೇರಿದ್ ಕೆರಿ ಹೂಳ್ ಯಾವತ್ತಾರೂ ತೆಗ್ದಿದ್ ಕಂಡಿದ್ರ್ಯಾ?"

ಕೇಳಲಿಲ್ಲ. ಕೇಳುವ ಕಿವಿಯನ್ನು ಬೆಲ್ಜಿಯಮ್ಮಿನಲ್ಲೇ ಬಿಟ್ಟು ಬಂದಿದ್ದರು.

ನವರಾತ್ರಿ ಕಳೆದ ಮೇಲೆ ಸಮಾರಂಭವಾಯಿತು. ಹಾಡಿಯಲ್ಲಿ ಶಾಮಿಯಾನ, ಜಂಟಿ ತ್ಯಾಜ್ಯ ತಾಣ ಎಂದು ಹೊಸ ಬೋರ್ಡು. ನೀಲಿ ಬಾವುಟ. ಎರಡೂ ಪಂಚಾಯಿತಿಯ ಸದಸ್ಯರಿಗೆ ಶಾಲು. ಸುಂದರಿ ತನ್ನ ಬಾವಿಯ ನೀರಲ್ಲಿ ಪಾನಕ ಮಾಡಿ ಎಲ್ಲರಿಗೂ ಹಂಚಿದಳು; ಮಾಷ್ಟ್ರ ಮಾತು ನಂಬಿ, ಬಾವಿಗೆ ಒಳ್ಳೆಯ ಕಾಲ ಬಂತೆಂದು ಅವಳ ಮುಖ ಹೊಳೆಯುತ್ತಿತ್ತು. ಮಾಷ್ಟ್ರು ಮಾತಾಡುತ್ತ ಮಾರಿಯ ವಿಷಯ ತೆಗೆದರು. ಅದರ ಬಗ್ಗೆ ಅವರು ಇಂಗ್ಲಿಷಿನಲ್ಲಿ ಪ್ರಬಂಧವನ್ನೇ ಬರೆದಿದ್ದರಂತೆ. ತನ್ನ ಪೀಡೆಯನ್ನು ಪಕ್ಕದವನ ಗಡಿಯೊಳಗೆ ಇಟ್ಟು ತಿರುಗಿ ನೋಡದೆ ಬರುವುದು ಅನಾಗರಿಕ ಮನಸ್ಸಿನ ಲಕ್ಷಣ, ಆ ಮನಸ್ಸನ್ನು ಇವತ್ತು ಕಲ್ಲಿನೊಂದಿಗೆ ಕಿತ್ತೆಸೆಯುತ್ತಿದ್ದೇವೆ ಎಂದರು. ರವಿರಾಜ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಜೆಸಿಬಿ ಬಂದು ಕಲ್ಲನ್ನು ಹಲ್ಲು ಕಿತ್ತಂತೆ ಕಿತ್ತಿತು. ಕಲ್ಲನ್ನು ಕೊಂಡೊಯ್ದು ಪಂಚಾಯಿತಿ ಕಟ್ಟಡದ ಎದುರು ನೆನಪಿಗೆಂದು ನೆಟ್ಟರು. ಅಲ್ಲಿ ಈಗ ಬೈಕು ಒರಗಿಸುತ್ತಾರೆ.

ಮರುದಿನವೇ ರವಿರಾಜನ ಟೆಂಪೋ ಬಂತು. ಹಗಲಲ್ಲಿ, ಹಾರನ್ ಹಾಕಿಕೊಂಡು ಬಂತು. ಸುಂದರಿ ಎಂದಿನಂತೆ ಓಡಿ ಹೋಗಿ ನಿಂತಳು. ನಿಂತು ನೋಡಿದರೆ ಪಕ್ಕದಲ್ಲಿ ಕಲ್ಲಿಲ್ಲ, ಹೊಂಡ.

"ಹ್ವಾಯ್! ಇದ್ ಕೋಣಬೈಲ್!"

ಡ್ರೈವರ್ ತಲೆ ಹೊರಗೆ ಹಾಕಿ ನಕ್ಕ. "ಯಾವ್ ಕೋಣಬೈಲ್ ಸುಂದ್ರಕ್ಕಾ? ನಿಮ್ ಮಾಷ್ಟ್ರೇ ಹೇಳಿರಲೆ, ಗಡಿ ಇಲ್ಲ ಅಂದ್. ಈಗ ಎಲ್ಲ ಒಂದೇ."

ಸುಂದರಿಯ ಬಾಯಿ ಕಟ್ಟಿದ್ದು ನಮ್ಮೂರ ಇತಿಹಾಸದಲ್ಲಿ ಅದೇ ಮೊದಲು. ಅವಳಿಗೆ ಬೈಗುಳ ಬರದೆ ಅಲ್ಲ. ಯಾವ ಊರಿನ ಹೆಸರು ಹಿಡಿದು ಬೈಯಬೇಕೆಂದು ಗೊತ್ತಾಗಲಿಲ್ಲ, ಅಷ್ಟೇ. ಟೆಂಪೋ ಅವಳ ಕಣ್ಣೆದುರೇ ಸುರಿದು ಹೋಯಿತು. ಮುಳ್ಳಿಹಿತ್ಲಿನ ಪಂಚಾಯಿತಿಗೆ ಹೋದರೆ ನಿಮ್ಮೂರಿನವರು ಎತ್ತಬೇಕು ಎಂದರು. ನಮ್ಮ ಪಂಚಾಯಿತಿಗೆ ಬಂದರೆ ಅದು ಜಂಟಿ ತಾಣ, ಅವರನ್ನೂ ಕೇಳಬೇಕು ಎಂದರು. ನಮ್ಮೂರಿನವರಾದರೂ ಸುಮ್ಮನಿದ್ದರೇ? ಈಗ ಸರಕಾರಿ ಬೋರ್ಡೇ ಇದೆಯಲ್ಲ ಎಂದು ಚೀಲ ಚೀಲ ತಂದು ಎಸೆದರು. ಅವಳ ಬಾವಿಯಿಂದ ವರ್ಷಗಟ್ಟಲೆ ನೀರು ಹೊತ್ತ ಮನೆಗಳವರೇ ಎಸೆದರು. ಆ ಮುಖಗಳನ್ನು ಹೋಟೆಲಿನಲ್ಲಿ ಕಂಡರೆ ನನಗೆ ಚಾ ಕೊಡಲು ಮನಸ್ಸು ಬರುತ್ತಿರಲಿಲ್ಲ.

ಮಳೆಗಾಲ ಬಂತು. ಹಾಡಿಯ ನೀರು ಇಳಿಯುವುದು ಸುಂದರಿಯ ಹಿತ್ತಲಿಗೇ. ಆಷಾಢ ಮುಗಿಯುವುದರೊಳಗೆ ಬಾವಿಯ ನೀರಿನ ಮೇಲೆ ಎಣ್ಣೆ ತೇಲಿತು. ಅವಳು ಒಂದು ಲೋಟದಲ್ಲಿ ನೀರು ಹಿಡಿದುಕೊಂಡು ಮಾಷ್ಟ್ರ ಮನೆಗೆ ಹೋದಳು. ಅವರ ಮನೆ ಅವಳ ಮನೆಯಿಂದ ಎರಡು ಗದ್ದೆ ಈಚೆಗೆ. ಏನು ಮಾತಾಯಿತೆಂದು ವಾಪಸು ಬರುವಾಗ ನನ್ನ ಬೆಂಚಿನಲ್ಲಿ ಕೂತು ಅವಳೇ ಹೇಳಿದಳು.

"ಮಾಷ್ಟ್ರೇ, ಅನ್ನ ಮಾಡ್ರೆ ಕೋಳಿ ವಾಸ್ನಿ ಹೊಡಿತ್ತ್. ಬಾವಿ ನಿಮ್ ಜವಾಬ್ದಾರಿ ಅಂದಿದ್ರಿ ಅಲ್ದಾ ಅಂದೆ. ಇದ್ ಎಂತದೋ ಸಂಕ್ರಮಣ ಕಾಲ ಅಂಬ್ರ್ ಶೇಖರಣ್ಣ. ಯುರೋಪ್ ಒಂದ್ ಆಪುಕೆ ಐವತ್ ವರ್ಷ ಹಿಡಿತ್ ಅಂಬ್ರ್. ಐವತ್ ವರ್ಷ ನಾ ಎಂತ ಕುಡುದ್ ಅಂದೆ. ಕುದ್ಸಿ ಕುಡಿ ಅಂದ್ರ್."

ಲೋಟದ ನೀರನ್ನು ಅವರು ಮುಟ್ಟಿ ನೋಡಲಿಲ್ಲವಂತೆ. ಮೂಗಿಗೆ ಮಫ್ಲರ್ ಹಿಡಿದುಕೊಂಡಿದ್ದರಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಅಂದಿನಿಂದ ಸುಂದರಿ ಹೆದ್ದಾರಿ ದಾಟಿ ನನ್ನ ಹೋಟೆಲಿನ ಬಾವಿಗೆ ಕೊಡಪಾನ ತಂದಳು. ಕೇರಿಗೆ ನೀರು ಕೊಟ್ಟವಳು ಲಾರಿಗಳ ನಡುವೆ ಓಡುತ್ತ ನೀರು ಹೊತ್ತಳು. ಹೊರುವಾಗ ಒಂದು ಮಾತೂ ಆಡುತ್ತಿರಲಿಲ್ಲ, ಅದನ್ನು ನೋಡಲು ಇನ್ನೂ ಕಷ್ಟವಾಗುತ್ತಿತ್ತು.

ಕಸಕ್ಕೆ ರಾಜ್ಯಶಾಸ್ತ್ರ ಗೊತ್ತಿಲ್ಲ. ಅದು ಸುಂದರಿಯ ಹಿತ್ತಲಿಗೇ ನಿಲ್ಲಲಿಲ್ಲ. ನಾಯಿಗಳು ಕೋಳಿಯ ಕರುಳು ಕಚ್ಚಿಕೊಂಡು ಮಾಷ್ಟ್ರ ಜಗಲಿಗೆ ಬಂದು ಊಟಕ್ಕೆ ಕೂತವು. ತೆಂಕುಗಾಳಿ ಇದ್ದಾಗ ಸರಿ, ಬಡಗುಗಾಳಿ ಬೀಸಿದರೆ ಅವರು ಕಿಟಕಿ ತೆರೆಯುವ ಹಾಗಿಲ್ಲ. ಗಾಳಿಗೂ ಗಡಿ ಇಲ್ಲವಲ್ಲ. ಆಗ ಅವರಿಗೆ ಐವತ್ತು ವರ್ಷ ಕಾಯಲಾಗಲಿಲ್ಲ. ತೆಕ್ಕಟ್ಟೆಯಿಂದ ಮೇಸ್ತ್ರಿಯನ್ನು ಕರೆಸಿ ಮನೆಯ ಸುತ್ತ ಪಾಗಾರ ಕಟ್ಟಿಸಲು ಶುರುಮಾಡಿದರು. ಮುರಕಲ್ಲಿನ ಪಾಗಾರ. ಮೇಸ್ತ್ರಿ ನನ್ನಲ್ಲಿ ಚಾ ಕುಡಿಯುತ್ತ, "ಇಷ್ಟ್ ಸಾಕ್ ಅಂದೆ ಮರ್ರೆ, ಅವ್ರಿಗ್ ಸಾಕಾತಿಲ್ಲ. ಇನ್ನೊಂದ್ ವರ್ಸಿ ಏರ್ಸಿ, ಇನ್ನೊಂದ್ ವರ್ಸಿ ಏರ್ಸಿ ಅಂದೇ ಹೇಳ್ತ್ರ್" ಎಂದ. ಮೇಲೆ ಗಾಜಿನ ಚೂರು ಹುಗಿಸಿದರು. ಆ ಚೂರುಗಳಿಗೆ ಬಾಟಲಿ ಬಂದದ್ದು ಜಂಟಿ ತಾಣದಿಂದಲೇ. ಮುಂದೆ ಕಬ್ಬಿಣದ ಗೇಟು, ಗೇಟಿಗೆ ಬೀಗ. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಗೆ ಕೋಣಬೈಲಿನಲ್ಲಿ ಒಂದು ಸ್ಮಾರಕವಾಯಿತು.

"ಮಾಷ್ಟ್ರೇ, ಪಾಗಾರದ ಈಚಿ ಬೆಲ್ಜಿಯಮ್ಮಾ, ಹಾಲೆಂಡಾ?" ಎಂದು ಕೇಳಿದೆ.

"ಅದು ಗಡಿಯಲ್ಲ ಶೇಖರ್, ಭದ್ರತೆ" ಎಂದರು. ಅರ್ಧ ಚಾ ಬಿಟ್ಟು ಎದ್ದು ಹೋದರು. ಆಮೇಲೆ ನನ್ನ ಬೆಂಚಿಗೆ ಬರುವುದನ್ನೇ ಬಿಟ್ಟರು. ನನಗೆ ಒಂದು ಲೋಟ ಬಿಸಿನೀರು ಉಳಿಯಿತು.

ಮುಂದಿನ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಸುಂದರಿ ಹೋಟೆಲಿಗೆ ಬಂದಳು. ಕೈಯಲ್ಲಿ ಕೊಡಪಾನ ಇರಲಿಲ್ಲ.

"ಶೇಖರಣ್ಣ, ಒಂಚೂರ್ ನಮ್ಮನಿ ಬದಿಗ್ ಬನಿ. ಕೆಲ್ಸ ಇತ್ತ್."

ಹೋದೆ. ಅವಳ ಹಿತ್ತಲಿನಲ್ಲಿ ಗುಡ್ಡಜ್ಜ ಇದ್ದ, ಕೇರಿಯ ನಾಲ್ಕಾರು ಹೆಂಗಸರಿದ್ದರು. ಬಾಯಿಲ್ಲದ ಮುತ್ತ ಒಂದು ಖಾಲಿ ಎಣ್ಣೆ ಡಬ್ಬ ಕುತ್ತಿಗೆಗೆ ನೇತು ಹಾಕಿಕೊಂಡು ನಿಂತಿದ್ದ. ಸುಂದರಿ ರಾಟೆಯಿಂದ ಬಾಲ್ದಿ ಇಳಿಸಿ ತನ್ನ ಬಾವಿಯ ನೀರು ಎಳೆದಳು. ಒಂದು ಕಾಲದಲ್ಲಿ ಪಾಯಸಕ್ಕಾದ ನೀರು ಕಪ್ಪಾಗಿತ್ತು, ಹತ್ತಿರ ನಿಲ್ಲಲಾಗದಂಥ ನಾತ. ಅದರೊಳಗೆ ಒಂದು ಕೆಂಪು ದಾಸವಾಳ ಹಾಕಿದಳು. ಬಾಲ್ದಿಯ ಬಾಯಿಗೆ ಅಡ್ಡವಾಗಿ ಒಂದು ಸವೆದ ಹಿಡಿಸೂಡಿ ಇಟ್ಟಳು. ಗುಡ್ಡಜ್ಜನಿಗೆ ಕೂಡಲೇ ಅರ್ಥವಾಗಿ ಕೈಮುಗಿದ. ನನಗೂ ಅರ್ಥವಾಯಿತು. ಮುತ್ತ ಡಬ್ಬ ಬಡಿಯಲು ಶುರುಮಾಡಿದ. ಇಷ್ಟು ವರ್ಷ ಆಡದ ಮಾತನ್ನೆಲ್ಲ ಆ ಡಬ್ಬದ ಮೇಲೆ ಬಡಿದ.

ಎರಡು ಗದ್ದೆ ದಾಟಿ ಮಾಷ್ಟ್ರ ಗೇಟಿಗೆ ಬಂದೆವು. ಡಬ್ಬದ ಸದ್ದಿಗೆ ಮಾಷ್ಟ್ರು ಹೊರಗೆ ಬಂದಿದ್ದರು. ಗೇಟಿನ ಸರಳುಗಳಾಚೆ ಮಫ್ಲರ್ ಕಾಣುತ್ತಿತ್ತು. ಬೀಗ ತೆಗೆಯಲಿಲ್ಲ.

"ಏನಿದು ಸುಂದರಿ? ಏನಾದರೂ ಹೇಳುವುದಿದ್ದರೆ ಬರವಣಿಗೆಯಲ್ಲಿ ಪಂಚಾಯಿತಿಗೆ ಕೊಡಬೇಕು."

"ಎಂತದೂ ಹೇಳುಕಿಲ್ಲ ಮಾಷ್ಟ್ರೇ. ನೀವ್ ಗಡಿ ತೆಗ್ದದ್ ಮೇಲೆ ಇದನ್ನ್ ಎಲ್ ಇಳ್ಸುದ್ ಅಂದ್ ಗೊತ್ತಾಯ್ದೇ ಹೊತ್ಕಂಡ್ ತಿರ್ಗ್ತಿದ್ದೆ. ಈಗಳ್ ಗಡಿ ಸಿಕ್ತ್."

ಗೇಟಿನ ಬುಡದಲ್ಲಿ ಬಾಲ್ದಿ ಇಳಿಸಿದಳು. "ನಿಮ್ ಚಿಹ್ನೆ, ನಿಮ್ಗೇ ಬಿಟ್ಟಿದೆ" ಎಂದಳು. ಆಮೇಲೆ ನಮ್ಮ ಕಡೆ ತಿರುಗಿ ಸಣ್ಣ ದನಿಯಲ್ಲಿ, "ನಡಿನಿ. ಯಾರೂ ಹಿಂದ್ ಕಾಂಬುಕಾಗ" ಎಂದಳು. ಡಬ್ಬ ನಿಂತಿತು. ಎಲ್ಲರೂ ನಡೆದೆವು. ಯಾರೂ ತಿರುಗಲಿಲ್ಲ.

ನಾನೂ ತಿರುಗಲಿಲ್ಲ. ಗದ್ದೆಯ ಆಚೆಯಿಂದ ಸುತ್ತು ಹಾಕಿ ಹಾಡಿಯ ಅಂಚಿಗೆ ಹೋಗಿ, ಗೇರುಮರದ ಹಿಂದೆ ನಿಂತು, ಎದುರಿನಿಂದ ನೋಡಿದೆ. ಅದಕ್ಕೆ ಕಟ್ಟಳೆಯಲ್ಲಿ ಅಡ್ಡಿಯಿಲ್ಲ.

ಮಾಷ್ಟ್ರು ಬಹಳ ಹೊತ್ತು ಗೇಟಿನೊಳಗೇ ನಿಂತಿದ್ದರು. ವಿಚಾರವಂತರಲ್ಲವೇ, ನೀರನ್ನು ಅಲ್ಲೇ ಚೆಲ್ಲಿ ಬಾಲ್ದಿ ತೊಳೆದಿಟ್ಟುಕೊಳ್ಳಬಹುದಿತ್ತು. ಗೇಟು ತೆರೆದು ಸುಂದರಿಯನ್ನು ಕರೆದು ತಮ್ಮ ಬಾವಿಯ ಹಗ್ಗ ಕೈಗೆ ಕೊಡಬಹುದಿತ್ತು. ಅದನ್ನಾದರೂ ಮಾಡುತ್ತಾರೇನೋ ಎಂದು ನಾನು, ಅವರನ್ನು ಇಷ್ಟು ಬೈದವನು, ನಿಜವಾಗಿ ಆಸೆಪಟ್ಟೆ. ಅವರು ಬೀಗ ತೆಗೆದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ದಾಸವಾಳವನ್ನು ಕೈ ತಾಗದ ಹಾಗೆ ಜಾಗ್ರತೆ ಮಾಡಿ, ಬಾಲ್ದಿಯನ್ನು ಮೈಯಿಂದ ದೂರ ಹಿಡಿದು, ಹಾಡಿಯ ಕಡೆ ನಡೆದುಬಂದರು.

ಕಲ್ಲು ಕಿತ್ತ ಹೊಂಡ ಮುಚ್ಚಿಹೋಗಿ ಮೇಲೆ ಹುಲ್ಲು, ಪ್ಲಾಸ್ಟಿಕ್ಕು ತುಂಬಿತ್ತು. ನನಗೇ ಜಾಗ ಗುರುತು ಸಿಗುತ್ತಿರಲಿಲ್ಲ. ಮಾಷ್ಟ್ರು ನಿಂತು, ಚಪ್ಪಲಿಯ ತುದಿಯಿಂದ ಕಸ ಸರಿಸಿ ಸರಿಸಿ, ಕಲ್ಲಿದ್ದ ತಗ್ಗನ್ನು ಹುಡುಕಿ ತೆಗೆದರು. ಅದನ್ನು ದಾಟಿ ಆಚೆಗೆ, ಮುಳ್ಳಿಹಿತ್ಲಿನ ನೆಲದಲ್ಲಿ, ಒಂದು ಹೆಜ್ಜೆ ಇಟ್ಟರು. ಬಾಲ್ದಿ ಇಳಿಸಿದರು. ಜಾರಿದ ಹಿಡಿಸೂಡಿಯನ್ನು ಸರಿಮಾಡಿ ಅಡ್ಡ ಇಟ್ಟರು. ಕೈಯನ್ನು ಮಫ್ಲರಿಗೆ ಒರೆಸಿಕೊಂಡು ಮನೆಗೆ ಹೊರಟರು.

ಗೇಟು ಹಾಕಿ ಬೀಗ ಜಡಿಯುವವರೆಗೂ ಅವರು ತಿರುಗಿ ನೋಡಲಿಲ್ಲ.